ಕತ್ತಲೆಗೂ ಒಂದು ಊರು ಬೇಕು

2024ರ ನವೆಂಬರ್ 1, ಶುಕ್ರವಾರ. ರಾಜ್ಯೋತ್ಸವವೂ ಹೌದು, ದೀಪಾವಳಿ ಅಮಾವಾಸ್ಯೆಯೂ ಹೌದು. ಬೆಳಗಿನಿಂದ ಬೀದಿಯ ಕೊನೆಯ ಧ್ವಜಕಟ್ಟೆಯ ಬಳಿ ಸ್ಪೀಕರ್ ಹಾಡುತ್ತಿತ್ತು; ಸಂಜೆಯಾದ ಮೇಲೆ ಪಟಾಕಿ. ಬಾಗಿಲಲ್ಲಿ ದೀಪ ಹಚ್ಚಿಟ್ಟು ಬಂದು, ಕೋಣೆಯ ಕಿಟಕಿ ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು, ಹದಿನಾರು ವರ್ಷ ಕಾದಿದ್ದ ಒಂದು ಆಲ್ಬಮ್ ಕೇಳಲು ಕೂತೆ. ಇಂಗ್ಲೆಂಡಿನ ‘ದಿ ಕ್ಯೂರ್’ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಅಂದೇ ಬಂದಿತ್ತು. ಮೊದಲ ಹಾಡು ‘ಅಲೋನ್’ ಶುರುವಾಗಿ ಮೂರು ನಿಮಿಷ ಕಳೆದರೂ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯಲಿಲ್ಲ. ಡ್ರಮ್ ನಿಧಾನಕ್ಕೆ ಬೀಳುತ್ತಿತ್ತು, ಸಿಂಥ್ ತೆರೆತೆರೆಯಾಗಿ ಬರುತ್ತಿತ್ತು. ಕಡೆಗೂ ಹಾಡತೊಡಗಿದಾಗ ಕಿವಿಗೆ ಬಿದ್ದದ್ದು ಹಳೆಯ ಆಲ್ಬಮ್‌ಗಳ ಅದೇ ದನಿ. ಆದರೆ ಅದು ಹೇಳುತ್ತಿದ್ದುದು ಅರವತ್ತೈದು ವರ್ಷ ಬದುಕಿದವನು ಮಾತ್ರ ಹೇಳಬಲ್ಲದ್ದು. ಹೊರಗೆ ಸರ ಪಟಾಕಿ ಸಿಡಿಯುತ್ತಲೇ ಇತ್ತು. ನನಗೆ ಅದು ಕೇಳಿಸಲಿಲ್ಲ.

ಅದೇ ದಿನ ಅಮೆರಿಕದ ವಾಷಿಂಗ್ಟನ್ ರಾಜ್ಯದ ಫಿಲ್ ಎಲ್ವೆರಮ್ ‘ಮೌಂಟ್ ಈರೀ’ ಹೆಸರಿನಲ್ಲಿ ‘ನೈಟ್ ಪ್ಯಾಲೇಸ್’ ಎಂಬ ಇಪ್ಪತ್ತಾರು ಹಾಡುಗಳ ಆಲ್ಬಮ್ ಹೊರತಂದ. ಒಂದೇ ದಿನ ಎರಡು ದೊಡ್ಡ ಕೃತಿಗಳು. ಆ ವಾರವೆಲ್ಲ ಅವೆರಡನ್ನೇ ಕೇಳಿದೆ. ಕೇಳುತ್ತ ಹೋದಂತೆ, ಹಲವು ವರ್ಷಗಳಿಂದ ಒಳಗೇ ಉಳಿದಿದ್ದ ಒಂದು ಅಸಮಾಧಾನಕ್ಕೆ ಕಾರಣ ಹೊಳೆಯತೊಡಗಿತು.

ಡಾರ್ಕ್‌ವೇವ್, ಡ್ರೀಮ್ ಪಾಪ್, ಸ್ಲೋಕೋರ್, ಪೋಸ್ಟ್-ಪಂಕ್ ಎಂಬ ಹಣೆಪಟ್ಟಿ ಹೊತ್ತು ಪ್ರತಿವಾರ ಹೊಸ ಆಲ್ಬಮ್‌ಗಳು ಬರುತ್ತವೆ. ಸಿಕ್ಕಿದ್ದನ್ನೆಲ್ಲ ಕೇಳುತ್ತೇನೆ. ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ, ಮರುದಿನಕ್ಕೆ ನೆನಪಿರುವುದಿಲ್ಲ. ಗಿಟಾರಿಗೆ ಮಂಜು, ದನಿಗೆ ಮಂಜು, ಡ್ರಮ್ಮಿಗೂ ಮಂಜು. ಮಲೆನಾಡಿನಲ್ಲಿ ಬೆಳೆದವರಿಗೆ ಮಂಜು ಬೇರೆ ಕತ್ತಲೆ ಬೇರೆ ಎಂದು ಹೇಳಿಕೊಡಬೇಕಿಲ್ಲ. ಮಂಜಿನಲ್ಲಿ ಎದುರಿಗಿರುವುದು ಕಾಣುವುದಿಲ್ಲ, ಅಷ್ಟೆ. ಕತ್ತಲೆಯಲ್ಲಿ ಕಾಣದಿದ್ದರೂ ಅಲ್ಲಿ ಏನೋ ಇದೆ ಎಂದು ಮೈಗೆ ಗೊತ್ತಾಗುತ್ತದೆ. ಈ ಹೊಸ ಹಾಡುಗಳಲ್ಲಿ ಬಹುಪಾಲು ಮಂಜೇ ಇದೆ.

ಈ ಮಂಜು ಹುಟ್ಟುವುದು ರಿವರ್ಬ್‌ನಿಂದ. ಹಳೆಯ ಗುಡಿಯ ನವರಂಗದಲ್ಲಿ ನಿಂತು ಒಂದು ಸ್ವರ ಎತ್ತಿದರೆ ಅದು ಕಲ್ಲಿಗೆ ತಾಗಿ, ಕಂಬ ಸುತ್ತಿ, ತಡವಾಗಿ ನಮ್ಮ ಬಳಿಗೇ ಮರಳುತ್ತದೆ. ಆ ತಡವನ್ನು ಅಳೆದೇ ಕಿವಿ ಕೋಣೆಯ ಅಗಲ, ಎತ್ತರ, ಗೋಡೆಯ ಗುಣವನ್ನು ಊಹಿಸುತ್ತದೆ. ರಿವರ್ಬ್ ಎಂದರೆ ಸ್ಥಳದ ಸುದ್ದಿ. ಈಗ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದರೆ ಯಾವುದೋ ದೊಡ್ಡ ಇಗರ್ಜಿಯ ಪ್ರತಿಧ್ವನಿ ದನಿಗೆ ಅಂಟಿಕೊಳ್ಳುತ್ತದೆ. ಹಾಡಿದವರು ಆ ಇಗರ್ಜಿಯೊಳಗೆ ಎಂದೂ ಕಾಲಿಟ್ಟಿರುವುದಿಲ್ಲ. ತಂತ್ರಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಈ ಕತ್ತಲೆಯ ಸಂಗೀತದ ಪರಂಪರೆ ಹುಟ್ಟಿದ್ದೇ ಯಂತ್ರದಿಂದ. ಆದರೆ ಅದನ್ನು ಕಟ್ಟಿದವರ ಯಂತ್ರದೊಳಗೆ ಒಂದು ಊರಿತ್ತು.

1979ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ‘ಜಾಯ್ ಡಿವಿಷನ್’ ತಂಡ ‘ಅನ್‌ನೋನ್ ಪ್ಲೆಶರ್ಸ್’ ಧ್ವನಿಮುದ್ರಿಸಿತು. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್, ಆಗಷ್ಟೇ ಬಂದಿದ್ದ ಡಿಜಿಟಲ್ ಡಿಲೇ ಯಂತ್ರದ ಹುಚ್ಚು ಹತ್ತಿಸಿಕೊಂಡವನು. ಸ್ಟೀಫನ್ ಮಾರಿಸ್‌ನಿಂದ ಡ್ರಮ್ಮಿನ ಭಾಗಗಳನ್ನು ಬೇರೆ ಬೇರೆಯಾಗಿ ನುಡಿಸಿಸಿದ. ಲಿಫ್ಟಿನ ಸದ್ದನ್ನು, ಗಾಜು ಒಡೆಯುವ ಸದ್ದನ್ನು ಹಾಡಿನೊಳಗೆ ತಂದ. ‘ಇನ್‌ಸೈಟ್’ ಹಾಡಿಗಾಗಿ ಇಯಾನ್ ಕರ್ಟಿಸ್‌ನ ದನಿಯನ್ನು ಟೆಲಿಫೋನ್ ತಂತಿಯ ಮೂಲಕ ಹಾಯಿಸಿದ. ವೇದಿಕೆಯ ಮೇಲೆ ಬೆಂಕಿಯಂತೆ ನುಡಿಸುತ್ತಿದ್ದ ಹುಡುಗರಿಗೆ ಈ ತಣ್ಣನೆಯ ಆಲ್ಬಮ್ ಮೊದಲು ಹಿಡಿಸಲೇ ಇಲ್ಲ. ಆದರೆ ಹ್ಯಾನೆಟ್ ಕೇಳಿಸಿದ್ದು ಮುಚ್ಚುತ್ತಿದ್ದ ಗಿರಣಿಗಳ, ಖಾಲಿ ಗೋದಾಮುಗಳ ಉತ್ತರ ಇಂಗ್ಲೆಂಡನ್ನು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಆತ ಬಿಟ್ಟ ಜಾಗವೇ ಆ ಆಲ್ಬಮ್‌ನ ಕತ್ತಲೆ. ಪೀಟರ್ ಹುಕ್‌ನ ಬೇಸ್ ಗಿಟಾರ್ ಅಷ್ಟು ಮೇಲಿನ ಸ್ವರಗಳಲ್ಲಿ ಹಾಡುವುದಕ್ಕೂ ಕಾರಣ ಸರಳ: ಅಭ್ಯಾಸದ ಕೋಣೆಯ ಗದ್ದಲದಲ್ಲಿ, ಅವನಲ್ಲಿದ್ದ ಕಳಪೆ ಆಂಪ್ಲಿಫೈಯರಿನಲ್ಲಿ ಕೆಳಗಿನ ಸ್ವರಗಳು ಅವನಿಗೇ ಕೇಳಿಸುತ್ತಿರಲಿಲ್ಲ. ಆ ಕೊರತೆಯಿಂದ ಹುಟ್ಟಿದ ನುಡಿಸಾಣಿಕೆಯನ್ನು ಇಂದು ನೂರಾರು ತಂಡಗಳು ಒಳ್ಳೆಯ ಆಂಪ್ಲಿಫೈಯರ್ ಮುಂದೆ ಕೂತು ಅಭ್ಯಾಸ ಮಾಡುತ್ತವೆ. 1980ರ ಮೇ 18ರಂದು ಕರ್ಟಿಸ್ ತೀರಿಕೊಂಡ. ವಯಸ್ಸು 23. ಆ ಸಾವಿನ ಸುತ್ತ ಬೆಳೆದ ಆರಾಧನೆ ಈ ಪರಂಪರೆಗೆ ಒಳ್ಳೆಯದು ಮಾಡಿಲ್ಲ. ಸಂಕಟವೇ ಕಲೆಗೆ ಪ್ರಮಾಣಪತ್ರ ಎಂಬ ನಂಬಿಕೆ ಬಲವಾಗಿ ಬೇರುಬಿಟ್ಟದ್ದು ಅಲ್ಲಿಂದಲೇ ಎಂದು ನನ್ನ ಅನಿಸಿಕೆ. ಆ ನಂಬಿಕೆಗೆ ಬೆಲೆ ತೆತ್ತವರು ಹಲವರು.

ಕೊರತೆ, ಊರು ಎನ್ನುತ್ತಿದ್ದೇನೆ. ಹಾಗಾದರೆ ‘ಕಾಕ್ಟೋ ಟ್ವಿನ್ಸ್’ ತಂಡದ ಕತೆಯೇನು ಎಂದು ಯಾರಾದರೂ ಕೇಳಬಹುದು. ಅವರ ಗಿಟಾರಿನ ಮೇಲೆ ರಾಬಿನ್ ಗತ್ರಿ ಹೇರಿದಷ್ಟು ಮಂಜನ್ನು ಬೇರಾರೂ ಹೇರಿಲ್ಲ. ಎಲಿಜಬೆತ್ ಫ್ರೇಸರ್ ಹಾಡಿದ ಎಷ್ಟೋ ಸಾಲುಗಳಲ್ಲಿ ಪದಗಳೇ ತಿಳಿಯುವುದಿಲ್ಲ. ಈ ಪ್ರಶ್ನೆ ನನ್ನನ್ನು ತುಂಬ ದಿನ ಕಾಡಿದೆ. ಅವರು ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನವರು. ಆ ಕಾಲಕ್ಕೆ ತೈಲ ಸಂಸ್ಕರಣಾಗಾರದ ಊರು. 1980ರಲ್ಲಿ ಹುಟ್ಟಿದ 4ಎಡಿ ಎಂಬ ಸಣ್ಣ ಲೇಬಲ್ ಅವರ ‘ಗಾರ್ಲಂಡ್ಸ್’ ಆಲ್ಬಮನ್ನು 1982ರಲ್ಲಿ ತಂದಿತು, ‘ಟ್ರೆಷರ್’ ಬಂದದ್ದು 1984ರಲ್ಲಿ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ, ಹೊಗೆಯ ಊರಿನ ಹುಡುಗಿಯೊಬ್ಬಳು ಅಲ್ಲಿಂದ ದಾಟಿಹೋಗಲು ತನ್ನದೇ ಒಂದು ಭಾಷೆ ಕಟ್ಟಿಕೊಳ್ಳುತ್ತಿರುವುದು ಕೇಳಿಸುತ್ತದೆ. ಪದಕ್ಕೆ ಅರ್ಥ ಇಲ್ಲದಿದ್ದರೂ ದನಿಗೆ ತುರ್ತು ಇದೆ. ಇದು ನಮಗೆ ಅಪರಿಚಿತವಲ್ಲ. ಆಲಾಪದಲ್ಲಿ, ತರಾನದಲ್ಲಿ ಪದಗಳ ಅರ್ಥ ಹುಡುಕಿಕೊಂಡು ಯಾರೂ ಕೂರುವುದಿಲ್ಲ. ದನಿ ಎಲ್ಲಿಂದ ಏಳುತ್ತಿದೆ ಎಂದು ನೋಡುತ್ತೇವೆ. ಫ್ರೇಸರ್ ದನಿ ಏಳುವ ಜಾಗ ಖಂಡಿತ ಇದೆ. ಅವಳನ್ನು ಅನುಕರಿಸುವ ಇಂದಿನ ಬಹುಪಾಲು ಗಾಯಕಿಯರಲ್ಲಿ ನನಗೆ ಸಿಗದಿರುವುದು ಅದೇ.

ಅದೇ ಲೇಬಲ್ಲಿನ ‘ಡೆಡ್ ಕ್ಯಾನ್ ಡಾನ್ಸ್’ ಬಗ್ಗೆ ನನ್ನ ಮೆಚ್ಚುಗೆ ಅರ್ಧಮನಸ್ಸಿನದು. ‘ಗ್ಲಾಡಿಯೇಟರ್’ ಸಿನಿಮಾ ನೋಡಿದವರೆಲ್ಲ ಆ ತಂಡದ ಗಾಯಕಿ ಲಿಸಾ ಜೆರಾರ್ಡ್ ದನಿಯನ್ನು ಕೇಳಿರುತ್ತಾರೆ. ದೊಡ್ಡ ದನಿ. ಆದರೆ ಅವರ ಸಂಗೀತ ಹಲವು ನಾಡುಗಳ ವಾದ್ಯಗಳನ್ನು ಒಂದೇ ಭವ್ಯತೆಯೊಳಗೆ ಮುಳುಗಿಸಿ, ಒಂದೊಂದರ ಮಣ್ಣನ್ನೂ ತೊಳೆದುಬಿಡುತ್ತದೆ.

ನನ್ನ ಮಟ್ಟಿಗೆ ಈ ಪರಂಪರೆಯ ತುದಿ ‘ಲೋ’ ತಂಡ. ಮಿನೆಸೋಟದ ಡುಲೂತ್, ಸುಪೀರಿಯರ್ ಸರೋವರದ ದಡದ ಚಳಿ ಊರು. ಗಂಡ ಅಲನ್ ಸ್ಪಾರ್‌ಹಾಕ್ ಗಿಟಾರಿಗೆ, ಹೆಂಡತಿ ಮಿಮಿ ಪಾರ್ಕರ್ ಡ್ರಮ್ಮಿಗೆ. ಅಮೆರಿಕವೆಲ್ಲ ಗ್ರಂಜ್ ಅಬ್ಬರದಲ್ಲಿದ್ದ 1993ರಲ್ಲಿ ಇವರು ಆದಷ್ಟು ನಿಧಾನವಾಗಿ, ಆದಷ್ಟು ಮೆಲ್ಲಗೆ ನುಡಿಸತೊಡಗಿದರು. ಮಿಮಿ ನಿಂತುಕೊಂಡೇ ನುಡಿಸುತ್ತಿದ್ದಳು. ಎರಡು ಡ್ರಮ್, ಒಂದು ಸಿಂಬಲ್, ಕೈಯಲ್ಲಿ ಹೆಚ್ಚಾಗಿ ಬ್ರಷ್. ಇಬ್ಬರೂ ಸೇರಿ ಹಾಡಿದರೆ ಎರಡು ದನಿಗಳ ನಡುವೆ ಕೂದಲೆಳೆ ತೂರುವುದಿಲ್ಲ. ವಿಲಂಬಿತ ಖಯಾಲ್ ಕೇಳಿ ಅಭ್ಯಾಸವಿರುವ ಕಿವಿಗೆ ಈ ನಿಧಾನ ಕಷ್ಟವೇ ಅಲ್ಲ. ಮೊದಲ ಸಲ ‘ಐ ಕುಡ್ ಲಿವ್ ಇನ್ ಹೋಪ್’ ಕೇಳಿದಾಗ ಧಾರವಾಡದ ರಾತ್ರಿ ಬೈಠಕ್ಕೊಂದರಲ್ಲಿ ಕೂತ ಹಾಗಾಗಿತ್ತು ನನಗೆ. ತಬಲಾದ ಮುಂದಿನ ಮಾತ್ರೆಗೆ ಮೈಯೆಲ್ಲ ಕಾಯುತ್ತಿದ್ದಂತೆ. ಇಪ್ಪತ್ತೈದು ವರ್ಷ ಹೀಗೆ ಹಾಡಿದವರು 2018ರ ‘ಡಬಲ್ ನೆಗೆಟಿವ್’ನಲ್ಲಿ ತಮ್ಮ ಸದ್ದನ್ನು ತಾವೇ ಒಡೆದರು. ಹರಿದ ಸ್ಪೀಕರಿನಿಂದ ಬಂದಂತಹ ಕರ್ಕಶ, ಅದರೊಳಗಿಂದ ಮೇಲೇಳುವ ಎರಡು ದನಿ. ವಯಸ್ಸಾದ ಮೇಲೆ ಇಷ್ಟು ಧೈರ್ಯ ತೋರಿದ ತಂಡ ನನಗೆ ಇನ್ನೊಂದು ಗೊತ್ತಿಲ್ಲ.

ಹೊಸದರಲ್ಲಿ ನಾನು ಅತಿ ಹೆಚ್ಚು ಕೇಳಿದ್ದು ಬೆತ್ ಗಿಬ್ಬನ್ಸ್‌ಳ ‘ಲೈವ್ಸ್ ಔಟ್‌ಗ್ರೋನ್’. 2024ರ ಮೇ 17ರಂದು ಬಂತು. ಬ್ರಿಸ್ಟಲ್‌ನ ಪೋರ್ಟಿಸ್‌ಹೆಡ್ ತಂಡದ ಗಾಯಕಿ ಅವಳು. 1994ರ ‘ಡಮ್ಮಿ’ಯಲ್ಲಿ ಅವಳ ದನಿಯ ಸುತ್ತ ಹಳೆಯ ಗ್ರಾಮಫೋನ್ ತಟ್ಟೆಯ ಗೀರು, ಗೂಢಚಾರಿ ಸಿನಿಮಾದ ನೆರಳು ಇದ್ದವು. ಈ ಆಲ್ಬಮ್‌ಗೆ ಹತ್ತು ವರ್ಷ ಹಿಡಿಯಿತು, ಹಾಡು ಹತ್ತೇ. ಬಂದಾಗ ಅವಳಿಗೆ 59. ಆಪ್ತರ ಸಾವುಗಳು, ಮುಟ್ಟು ನಿಲ್ಲುವ ಕಾಲ, ತಾಯ್ತನದ ಆಸೆ ಮುಗಿದ ಅರಿವು. ರಾಕ್ ಸಂಗೀತ ಎಂದೂ ಮುಖ ಕೊಟ್ಟು ಮಾತಾಡದ ವಿಷಯಗಳು. ನಾನು ಇದನ್ನು ಇಷ್ಟು ಮೆಚ್ಚಲು ಮೊದಲ ಕಾರಣ ತಾಳ. ಡ್ರಮ್ಮಿನ ಸಾಮಾನ್ಯ ಸ್ನೇರ್ ಹೊಡೆತವನ್ನು ಅವಳು ಬೇಕೆಂದೇ ದೂರವಿಟ್ಟಳು. ‘ಟಾಕ್ ಟಾಕ್’ ತಂಡದಲ್ಲಿದ್ದ ಲೀ ಹ್ಯಾರಿಸ್ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ, ತಗಡು, ಬಾಣಲೆಯಂಥವನ್ನು ಬಡಿದು ತಾಳ ಕಟ್ಟಿದ. ಸಹನಿರ್ಮಾಪಕ ಜೇಮ್ಸ್ ಫೋರ್ಡ್ ಪಿಯಾನೊದ ತಂತಿಗಳ ಮೇಲೆ ಚಮಚ ಆಡಿಸಿದ. ಹೀಗಾಗಿ ಇಡೀ ಆಲ್ಬಮ್ ಮನೆಯೊಳಗೆ ನಡೆದಂತೆ ಕೇಳುತ್ತದೆ. ಮರ, ಚರ್ಮ, ಲೋಹ ಎಲ್ಲದಕ್ಕೂ ತೂಕವಿದೆ. ‘ಫ್ಲೋಟಿಂಗ್ ಆನ್ ಎ ಮೊಮೆಂಟ್’ನಲ್ಲಿ ಮಕ್ಕಳ ದನಿ ಸೇರಿಕೊಳ್ಳುವ ಹೊತ್ತಿಗೆ ಅದನ್ನು ಸಾವಿನ ಬಗೆಗಿನ ಹಾಡು ಎಂದು ಕರೆಯಲು ಮನಸ್ಸು ಬರುವುದಿಲ್ಲ. ಕತ್ತಲೆಗೆ ರಿವರ್ಬ್ ಬೇಡ ಎಂದು ವಾದಿಸಬೇಕಾದಾಗ ಗೆಳೆಯರಿಗೆ ನಾನು ಈ ಆಲ್ಬಮ್ ಕೊಡುತ್ತೇನೆ.

ಕ್ಯೂರ್ ವಿಷಯಕ್ಕೆ ಮರಳಿದರೆ, ನನಗೆ ತಕರಾರಿಲ್ಲವೆಂದಲ್ಲ. ಎಂಟು ಹಾಡುಗಳಲ್ಲಿ ಎರಡು ಜಾಗ ತುಂಬುತ್ತವೆ ಅಷ್ಟೆ. ಧ್ವನಿಮಿಶ್ರಣ ಅಲ್ಲಲ್ಲಿ ಉಸಿರುಗಟ್ಟುವಷ್ಟು ದಟ್ಟ. 1989ರ ‘ಡಿಸಿಂಟಿಗ್ರೇಷನ್’ನಲ್ಲಿದ್ದ ಗಾಳಿ ಇಲ್ಲಿಲ್ಲ. ಆದರೆ ಅಣ್ಣ ರಿಚರ್ಡ್ ತೀರಿಹೋದ ಬಗೆಗಿನ ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಕೇಳಿ. ಪಿಯಾನೊದ ನಾಲ್ಕಾರು ಸ್ವರ ಮತ್ತೆ ಮತ್ತೆ ಬರುತ್ತದೆ, ಹಾಡು ಎಲ್ಲಿಗೂ ಹೋಗುವುದಿಲ್ಲ. ಹೋಗಲು ಜಾಗವಿಲ್ಲದ ದುಃಖಕ್ಕೆ ತಕ್ಕ ರೂಪ ಅದು. 1982ರ ‘ಪೋರ್ನೋಗ್ರಫಿ’ ಕಾಲದ ಸ್ಮಿತ್ ಸಾವನ್ನು ಕಲ್ಪಿಸಿಕೊಂಡು ಹಾಡುತ್ತಿದ್ದ. ಈಗ ಅದು ಮನೆಗೆ ಬಂದು ಹೋಗಿದೆ. ಎರಡರ ಅಂತರವನ್ನು ಯಾವ ಯಂತ್ರವೂ ಕೊಡಲಾರದು. ಬ್ರಿಟನ್ನಿನಲ್ಲಿ 1992ರ ನಂತರ ಮೊದಲ ಬಾರಿಗೆ ಅವರ ಆಲ್ಬಮ್ ಮೊದಲ ಸ್ಥಾನಕ್ಕೇರಿತು ಎಂದು ಓದಿದಾಗ ನನ್ನ ಮನೆಯವರಿಗೆ ಬಹುಮಾನ ಬಂದಷ್ಟು ಖುಷಿಯಾಯಿತು.

ಊರು ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೆಲಾರುಸ್‌ನ ಮಿನ್ಸ್ಕ್‌ನ ‘ಮಲ್ಚಾತ್ ದೋಮಾ’ ತಂಡವನ್ನು ನೋಡಬೇಕು. ಹೆಸರಿನ ಅರ್ಥ, ಮನೆಗಳು ಮೌನವಾಗಿವೆ ಎಂದು. 2018ರ ‘ಎತಝೀ’ ಆಲ್ಬಮ್‌ನಲ್ಲಿ ಅಗ್ಗದ ಸಿಂಥ್, ಸವೆದ ಕ್ಯಾಸೆಟ್ಟಿನಂಥ ಸದ್ದು, ಹೊದಿಕೆಯ ಮೇಲೆ ಕಾಂಕ್ರೀಟ್ ಕಟ್ಟಡ. ಅದರ ‘ಸೂದ್ನಾ’ ಹಾಡಿನ ಮಾತುಗಳು 2001ರಲ್ಲಿ, ಇಪ್ಪತ್ತಾರನೇ ವಯಸ್ಸಿನಲ್ಲಿ ಜೀವ ಕಳೆದುಕೊಂಡ ರಷ್ಯನ್ ಕವಿ ಬಾರಿಸ್ ರೀಝಿಯವು. 2020ರಲ್ಲಿ ಅದು ಟಿಕ್‌ಟಾಕ್‌ನಲ್ಲಿ ಜಗತ್ತೆಲ್ಲ ಹರಡಿತು. ಎಷ್ಟೋ ಜನ ಕವಿಯ ಹೆಸರು ತಿಳಿಯದೆ ತಮ್ಮ ಬಟ್ಟೆಬರೆಯ ವಿಡಿಯೋಗೆ ಅದನ್ನು ಹಿನ್ನೆಲೆ ಮಾಡಿಕೊಂಡರು. ಯಾರದೋ ಮನೆ ಇನ್ಯಾರದೋ ಗೋಡೆಯ ಚಿತ್ರವಾಯಿತು. ತಂಡ ಮುಂದೆ ಲಾಸ್ ಏಂಜಲೀಸ್‌ಗೆ ಹೋಯಿತು. ಅಲ್ಲಿದ್ದುಕೊಂಡು 2024ರಲ್ಲಿ ತಂದ ‘ಬೇಲಯಾ ಪಲಸಾ’ದಲ್ಲಿ ಸದ್ದು ಸ್ವಚ್ಛ, ಬೇಸ್ ಗಟ್ಟಿ, ಎಲ್ಲವೂ ಹೊಳೆಯುತ್ತದೆ. ದೇಶ ಬಿಟ್ಟು ಹೋದವರಿಗೆ ಹಳೆಯ ಕೋಣೆಯಲ್ಲೇ ಇರಿ ಎನ್ನಲು ನನಗೆ ಹಕ್ಕಿಲ್ಲ. ಆದರೆ ದೇಶ ಬಿಟ್ಟ ಆ ನೋವೇ ಹಾಡುಗಳೊಳಗೆ ಇಳಿದಿಲ್ಲ ಎಂಬುದು ನನ್ನ ಕೊರಗು.

ಕಿರಿಯರಲ್ಲಿ ಎಥೆಲ್ ಕೇನ್ ಮೇಲೆ ನನಗೆ ಭರವಸೆಯಿದೆ. ಫ್ಲಾರಿಡಾದ ಪುಟ್ಟ ಊರಿನ ಬ್ಯಾಪ್ಟಿಸ್ಟ್ ಕುಟುಂಬದಲ್ಲಿ ಬೆಳೆದವಳು. 2022ರ ‘ಪ್ರೀಚರ್ಸ್ ಡಾಟರ್’ ಅವಳಿಗೆ ಹೆಸರು ತಂದಿತು. ಮುಂದಿನದು ಇನ್ನಷ್ಟು ಜನಪ್ರಿಯವಾಗಲಿ ಎಂದು ಎಲ್ಲರೂ ಕಾದಿದ್ದಾಗ 2025ರ ಜನವರಿ 8ರಂದು ‘ಪರ್ವರ್ಟ್ಸ್’ ತಂದಳು. ಸುಮಾರು ಒಂದೂವರೆ ಗಂಟೆ. ಬಹುಪಾಲು ಗುಂಯ್‌ಗುಡುವ ಸದ್ದು, ಗೊಣಗು. ಆರಂಭದಲ್ಲೇ ಹಳೆಯ ಕ್ರೈಸ್ತ ಭಜನೆಯೊಂದು, ಮಣ್ಣಿನಡಿಯಿಂದ ಬಂದ ಹಾಗೆ. ಅವಳ ಕತ್ತಲೆಗೆ ಊರಿದೆ, ಆ ಊರಿಗೆ ಪ್ರಾರ್ಥನಾ ಮಂದಿರವೂ ಇದೆ. ಹಾಗಿದ್ದೂ ನಡುವಿನ ದೀರ್ಘ ಭಾಗಗಳಲ್ಲಿ ಅವಳು ಕೇಳುಗನನ್ನು ಹೆದರಿಸಲು ಹೊರಟಿದ್ದಾಳೆಯೇ, ತಾನೇ ಹೆದರಿದ್ದಾಳೆಯೇ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ‘ವ್ಯಾಸಿಲೇಟರ್’ ಹಾಡಿನಲ್ಲಿ ಆ ಅನುಮಾನವಿಲ್ಲ. ಒಂದು ನಿಧಾನ ಡ್ರಮ್, ಕಿವಿಯ ಹತ್ತಿರದ ದನಿ. ಅಷ್ಟೇ ಸಾಕಾಗಿದೆ.

ಡಬ್ಲಿನ್‌ನ ‘ಲ್ಯಾಂಕಮ್’ ತಂಡವನ್ನು ಈ ಪಟ್ಟಿಗೆ ಸೇರಿಸುವುದಕ್ಕೆ ಕೆಲವರು ಒಪ್ಪುವುದಿಲ್ಲ, ಅವರದು ಜನಪದ ಸಂಗೀತ ಎಂದು. 2023ರ ‘ಫಾಲ್ಸ್ ಲ್ಯಾಂಕಮ್’ನ ಮೊದಲ ಹಾಡು ‘ಗೋ ಡಿಗ್ ಮೈ ಗ್ರೇವ್’ ಕೇಳಿದವರು ಆ ವಾದ ಬಿಡುತ್ತಾರೆ. ರೇಡಿ ಪೀಟ್‌ಳ ದನಿ ಒಂಟಿಯಾಗಿ ಶುರುವಾಗುತ್ತದೆ. ಬರಬರುತ್ತ ಕೆಳಗೊಂದು ಶ್ರುತಿ ತೆರೆದುಕೊಂಡು, ಬೆಳೆದು, ಕೊನೆಗೆ ಹಾಡನ್ನೇ ನುಂಗುತ್ತದೆ. ಶ್ರುತಿಪೆಟ್ಟಿಗೆಯ ಪಕ್ಕ ಬೆಳೆದ ನನಗೆ ಶ್ರುತಿ ಎಂದರೆ ಆಸರೆ. ಅದು ಇಷ್ಟು ಭೀಕರವಾಗಬಲ್ಲದು ಎಂದು ತಿಳಿದದ್ದು ಆಗಲೇ.

2022ರ ನವೆಂಬರ್ 5ರಂದು ಮಿಮಿ ಪಾರ್ಕರ್ ಕ್ಯಾನ್ಸರಿನಿಂದ ತೀರಿಕೊಂಡಳು. ‘ಲೋ’ ಅಲ್ಲಿಗೆ ಮುಗಿಯಿತು. ಎರಡು ವರ್ಷದ ನಂತರ ಅಲನ್ ತಂದ ‘ವೈಟ್ ರೋಸಸ್, ಮೈ ಗಾಡ್’ನಲ್ಲಿ ತನ್ನ ದನಿಯನ್ನು ಯಂತ್ರದಿಂದ ಗುರುತು ಸಿಗದಷ್ಟು ತಿರುಚಿಕೊಂಡಿದ್ದ. ಮೊದಲು ನನಗೆ ಸಹಿಸಲಾಗಲಿಲ್ಲ. ಮೂವತ್ತು ವರ್ಷ ಜೊತೆಗೆ ಹಾಡಿದ ದನಿ ಇಲ್ಲವಾದ ಮೇಲೆ ತನ್ನದನ್ನು ತಾನೇ ಕೇಳಿಕೊಳ್ಳುವುದು ಅವನಿಗೆ ಹೇಗಿದ್ದಿರಬಹುದು ಎಂದು ತಡವಾಗಿ ಯೋಚಿಸಿದೆ. 2025ರ ಮೇ 30ರಂದು ಇನ್ನೊಂದು ಆಲ್ಬಮ್ ಬಂತು, ಡುಲೂತ್‌ನವರೇ ಆದ ‘ಟ್ರ್ಯಾಂಪಲ್ಡ್ ಬೈ ಟರ್ಟಲ್ಸ್’ ತಂಡದ ಜೊತೆ. ಬ್ಯಾಂಜೊ, ಪಿಟೀಲು, ಊರಿನ ಗೆಳೆಯರು. ಅವನ ನಿಜವಾದ ದನಿ ಮರಳಿತ್ತು. ‘ನಾಟ್ ಬ್ರೋಕನ್’ ಎಂಬ ಹಾಡಿನಲ್ಲಿ ಅವನ ದನಿಯ ಪಕ್ಕದಲ್ಲಿ, ಯಾವಾಗಲೂ ಮಿಮಿ ನಿಲ್ಲುತ್ತಿದ್ದ ಜಾಗದಲ್ಲಿ, ಇನ್ನೊಂದು ದನಿ ಬಂದು ನಿಲ್ಲುತ್ತದೆ. ಮಗಳು ಹಾಲಿಸ್ ಹಾಡುತ್ತಿದ್ದಾಳೆ.