‘ಚೋಮನ ದುಡಿ’ ಮತ್ತು ಸಜ್ಜನರ ಹೊಣೆ

ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಅಸ್ಪೃಶ್ಯತೆಯ ಕ್ರೌರ್ಯವನ್ನು ಚಿತ್ರಿಸಿದ ಕೃತಿಯೆಂದು ವಿಮರ್ಶಕರೆಲ್ಲರೂ ಅದನ್ನು ಕೊಂಡಾಡಿದ್ದಾರೆ. ಆದರೆ ಆ ಕ್ರೌರ್ಯವನ್ನು ಎಸಗುವವರು ಯಾರು ಎಂಬ ಪ್ರಶ್ನೆಯನ್ನು ಓದುಗರಾದ ನಾವು ನಮಗೇ ಹಾಕಿಕೊಂಡದ್ದು ಕಡಿಮೆ.

ಚೋಮನ ಬಯಕೆ ಒಂದೇ: ತಾನೂ ಒಂದು ತುಂಡು ಗದ್ದೆಯ ಬೇಸಾಯ ಮಾಡಬೇಕು. ಅವನಲ್ಲಿ ಎತ್ತುಗಳಿವೆ, ದುಡಿಯುವ ಮಕ್ಕಳಿದ್ದಾರೆ. ಧಣಿ ಸಂಕಪ್ಪಯ್ಯ ಕಟುಕನಲ್ಲ; ಅವನ ಮನಸ್ಸು ಕರಗುವುದೂ ಉಂಟು. ಆದರೆ ತಾಯಿ ಹಿಂದಿನಿಂದ ಬಂದ ಕಟ್ಟಳೆಯನ್ನು ನೆನಪಿಸಿದೊಡನೆ ಆ ಮರುಕ ಅಲ್ಲಿಗೇ ನಿಲ್ಲುತ್ತದೆ. ಚೋಮನ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರನ್ನು ತಡೆಯುವುದು ದ್ವೇಷವಲ್ಲ, ಮೈಲಿಗೆಯ ಅಂಜಿಕೆ. ಕೈಯೆತ್ತದೆಯೂ ಹಿಂಸೆ ನಡೆಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೃತಿಗೆ ಒಂದು ಎಲ್ಲೆಯೂ ಇದೆ. ಅದೇ ಜಿಲ್ಲೆಯ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿಯೇ ದಲಿತರ ಏಳಿಗೆಗಾಗಿ ಸಂಸ್ಥೆ ಸ್ಥಾಪಿಸಿ, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ ಶಾಲೆ ನಡೆಸಿದ್ದರು. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರೊಡನೆ ಸಾವಿರಾರು ಜನ ಕೆರೆಯ ನೀರನ್ನು ಮುಟ್ಟಿದ್ದರು. ಚೋಮನ ಲೋಕದಲ್ಲಿ ಇವುಗಳ ಸುಳಿವಿಲ್ಲ. ಅವನಿಗೆ ಕಾಣುವ ಬಾಗಿಲು ಮತಾಂತರವೊಂದೇ. ಅಲ್ಲಿಂದಲೂ ಪಂಜುರ್ಲಿಯ ಭಯ ಅವನನ್ನು ಹಿಂದಕ್ಕೆ ಎಳೆಯುತ್ತದೆ. ಅವನ ಸಿಟ್ಟು ದುಡಿಯ ಬಡಿತದಲ್ಲಿಯೇ ತೀರಿಹೋಗುತ್ತದೆ, ನಾಲ್ವರು ಕೂಡಿ ಕೇಳುವ ಹಕ್ಕಿನ ಮಾತಾಗುವುದಿಲ್ಲ.

ಆದರೂ ಈ ಕೃತಿ ಹಳತಾಗಿಲ್ಲ. ಅದಕ್ಕೆ ಕಾರಣವನ್ನು ವ್ಯಾಪಾರಿಯಾದ ನಾನು ಲೆಕ್ಕದ ಭಾಷೆಯಲ್ಲಿ ಹೇಳುತ್ತೇನೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು. ಆದರೆ ಚೋಮ ಗೇಣಿದಾರನೇ ಅಲ್ಲವಲ್ಲ! ಗೇಣಿಗೆ ಕೊಡುವುದಿಲ್ಲವೆಂದು ಅಂದು ಆಡಿದ ಒಂದು ಮಾತು ನಲವತ್ತು ವರ್ಷಗಳ ನಂತರ ಅವನಂಥವರ ಮೊಮ್ಮಕ್ಕಳ ಪಾಲನ್ನೂ ಕಸಿಯಿತು. ಅನ್ಯಾಯಕ್ಕೂ ಚಕ್ರಬಡ್ಡಿಯುಂಟು.

ಬಾಲ್ಯದಲ್ಲಿ ನಮ್ಮ ಅಜ್ಜನ ಅಂಗಡಿಯ ಮೆಟ್ಟಿಲ ಮೇಲೆ ಕೆಲವರು ನಾಣ್ಯವಿಟ್ಟು ದೂರ ಸರಿಯುತ್ತಿದ್ದರು. ಅಜ್ಜ ನೀರು ಚಿಮುಕಿಸಿ ಅದನ್ನು ಎತ್ತಿಕೊಳ್ಳುತ್ತಿದ್ದರು. ಅವರು ತೂಕದಲ್ಲಿ ಎಂದೂ ಮೋಸ ಮಾಡಿದವರಲ್ಲ, ಇರುವೆಯನ್ನೂ ತುಳಿಯದೆ ನಡೆದವರು. ಕಾದಂಬರಿಯನ್ನು ಓದುವಾಗಲೆಲ್ಲ ಸಂಕಪ್ಪಯ್ಯನ ಮುಖದಲ್ಲಿ ನನಗೆ ಅಜ್ಜನ ಮುಖ ಕಾಣುತ್ತದೆ. ಆ ಮುಖ ನನ್ನದೂ ಆಗದಂತೆ ನೋಡಿಕೊಳ್ಳುವ ಹೊಣೆಯನ್ನು ಈ ಪುಸ್ತಕ ನನ್ನ ಮೇಲೆ ಹೊರಿಸಿದೆ.