ಊರು ಬಿಟ್ಟವರ ಅಡ್ಡಹೆಸರು

ವಿಚಾರ ಸಂಕಿರಣವೊಂದರಲ್ಲಿ ನನ್ನ ಪ್ರಬಂಧ ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ ಪ್ರಬಂಧದ ಬಗ್ಗೆ ಇರಲಿಲ್ಲ. ‘ನಿಮ್ಮ ಅಡ್ಡಹೆಸರು ಕರ್ ಅಂತ ಮುಗೀತದಲ್ಲ, ನೀವು ಮರಾಠಿಯವರೇನ್ರಿ?’ ಎಂದು ಹಿರಿಯರೊಬ್ಬರು ಕೇಳಿದರು. ಮನೆಮಾತು ಕನ್ನಡ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. (ದಕ್ಷಿಣದ ಓದುಗರಿಗೆ: ಅಡ್ಡಹೆಸರೆಂದರೆ ನಮ್ಮ ಕಡೆ ಮನೆತನದ ಹೆಸರು, ಗೇಲಿಗೆ ಇಟ್ಟದ್ದಲ್ಲ.)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರಿಗೆ ಈ ಅನುಮಾನ ಹೊಸದಲ್ಲ. ಊರ ಹೆಸರಿಗೆ ‘ಕರ’ ಸೇರಿದರೆ ಮರಾಠಿ, ಬರೀ ಊರ ಹೆಸರಾದರೆ ಕನ್ನಡ ಎಂಬ ಲೆಕ್ಕ ಅದು. ಅಕ್ಕಪಕ್ಕದ ಎರಡು ಊರು ನೋಡಿ. ಕರ್ನಾಟಕ ಏಕೀಕರಣಕ್ಕೆ ದುಡಿದ ಆರ್.ಎಸ್. ಹುಕ್ಕೇರಿಕರರ ಹೆಸರಿನಲ್ಲಿ ‘ಕರ’ ಇದೆ. ವಿ.ಕೃ. ಗೋಕಾಕರ ಹೆಸರಿನಲ್ಲಿಲ್ಲ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಅವರ ವರದಿಯಿಂದಾಗಿ ಎಂಬತ್ತರ ದಶಕದ ಕನ್ನಡ ಹೋರಾಟ ‘ಗೋಕಾಕ್ ಚಳವಳಿ’ ಎನಿಸಿತು. ಅದು ಗೋಕಾಕ ಫಾಲ್ಸ್ ಹತ್ತಿರ ಎಲ್ಲೋ ನಡೆದದ್ದೆಂದು ಕಾಲೇಜಿಗೆ ಹೋಗುವವರೆಗೂ ನಾನು ತಿಳಿದಿದ್ದೆ.

ಊರ ಹೆಸರು ಅಂಟುವುದು ಊರು ಬಿಟ್ಟವರಿಗೆ. ಅಥಣಿಯಲ್ಲೇ ಇರುವವರನ್ನು ಅಥಣಿ ಎಂದು ಕರೆದರೆ ಯಾರನ್ನೂ ಗುರುತಿಸಿದಂತಾಗುವುದಿಲ್ಲ. ಸ್ಪೇನಿನ ಮನೆತನಗಳಲ್ಲೂ ಇದೇ ರೂಢಿ: ತೊಲೆದೊ ಎಂಬ ಅಡ್ಡಹೆಸರು ಆ ಊರಿನದು, ನವಾರ್ರೊ ಎಂದರೆ ನವಾರ್ರಾ ಸೀಮೆಯವನು. ಬಿಟ್ಟು ಬಂದ ಊರನ್ನು ಹೆಸರು ಹೇಳಬಹುದು, ಅಡುಗೆಮನೆಯ ಮಾತನ್ನು ಹೇಳಲಾರದು.

ಶೇಡಬಾಳದ ಮಿರ್ಜಿ ಅಣ್ಣಾರಾಯರನ್ನು ಓದುವಾಗ ಇದು ಮುಖ್ಯ. ಮಿರ್ಜಿ ಎಂದೊಡನೆ ಶೇಡಬಾಳದಿಂದ ರೈಲಿನಲ್ಲಿ ಹತ್ತಿರವಿರುವ ಮಿರಜ ನೆನಪಾಗುತ್ತದೆ. ಅತ್ತ ಮುಧೋಳ ತಾಲೂಕಿನಲ್ಲಿ ಮಿರ್ಜಿ ಎಂಬ ಊರೇ ಇದೆ. ಅವರ ‘ನಿಸರ್ಗ’ ಕಾದಂಬರಿಯ ಮಾತು ಬಂದಾಗಲೆಲ್ಲ ನಾವು ‘ಗಡಿನಾಡ ಲೇಖಕ’, ‘ಮರಾಠಿ ಪ್ರಭಾವ’ ಎಂದುಬಿಡುತ್ತೇವೆ. ಅವರು ಹುಟ್ಟಿ ಬೆಳೆದ ಕಾಲಕ್ಕೆ ಈ ರಾಜ್ಯಗಡಿಯೇ ಇರಲಿಲ್ಲ, ಅದು ಬಂದದ್ದು 1956ರಲ್ಲಿ. ಆ ಕಾದಂಬರಿಯ ಜನರಿಗೆ ತಾವು ಯಾವುದರದೋ ಅಂಚಿನಲ್ಲಿದ್ದೇವೆ ಎಂಬ ಭಾವನೆಯಿಲ್ಲ. ಅಂಚು ನಮ್ಮ ನಕಾಶೆಯಲ್ಲಿದೆ, ಅದನ್ನು ಅವರ ಮಾತಿನ ಮೇಲೆ ಎಳೆದವರು ನಾವು.

ಹುದ್ದೆಯಿಂದ ಬಂದ ಹೆಸರುಗಳಂತೂ ಈ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ. ಪಾಟೀಲ ಎಂಬುದು ಶಾಸನಗಳ ಪಟ್ಟಕಿಲದಿಂದ, ಗೌಡ ಎಂಬುದು ಗಾವುಂಡದಿಂದ ಬಂದದ್ದು. ಕೆಲಸ ಒಂದೇ, ಊರಿನ ಮುಖ್ಯಸ್ತಿಕೆ. ನಮ್ಮಲ್ಲಿ ಲಿಂಗಾಯತರು, ಜೈನರು, ಮರಾಠರು, ಮುಸ್ಲಿಮರು ಎಲ್ಲರಲ್ಲೂ ಪಾಟೀಲರಿದ್ದಾರೆ. ಉತಾರದಲ್ಲಿ ಪಾಟೀಲ ಎಂದಿರುವವರನ್ನೇ ಹೊರಗೆ ನಿಂತು ಕೂಗುವಾಗ ‘ಗೌಡ್ರ’ ಎನ್ನುತ್ತಾರೆ. ಮಗದುಮ್ ಇನ್ನೂ ಸ್ವಾರಸ್ಯದ್ದು. ಒಡೆಯ ಎಂಬರ್ಥದ ಅರಬಿಯ ಮಖದೂಮ್, ಒಂದು ಕಾಲಕ್ಕೆ ಆದಿಲಶಾಹಿಗಳು ಆಳಿದ ಈ ನೆಲದಲ್ಲಿ ಜೈನರ, ಲಿಂಗಾಯತರ ಅಡ್ಡಹೆಸರಾಗಿದೆ. ಮಗದುಮ್ ಮನೆಯವರನ್ನು ‘ನೀವು ಅರಬರೇನ್ರಿ?’ ಎಂದು ಯಾವ ಸಂಕಿರಣದಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ.

ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರ ಅಡ್ಡಹೆಸರು ಜೈನ ಪುರೋಹಿತ ಮನೆತನದ್ದು, ‘ಎ’ಕಾರದಲ್ಲಿ ಮುಗಿಯುವ ಅದರ ರೂಪ ಕಿವಿಗೆ ಮರಾಠಿ. ಕಲಿಸಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ, ಸಂಪಾದಿಸಿದ್ದು ಪ್ರಾಕೃತ ಗ್ರಂಥಗಳನ್ನು, ಪ್ರಸ್ತಾವನೆ ಬರೆದದ್ದು ಇಂಗ್ಲಿಷಿನಲ್ಲಿ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತವರು ಅವರೇ.