ಮೂತ್ರಪಿಂಡದ ಗಾಯ: ಮಾಪಕ ಅಳೆಯದೆ ಬಿಟ್ಟದ್ದು

ಚೂರಿಯೋ ಗುಂಡೋ ಮೂತ್ರಪಿಂಡವನ್ನು ಹೊಕ್ಕಾಗ ಶಸ್ತ್ರಚಿಕಿತ್ಸೆ ಮಾಡಬೇಕೆ, ಕಾದು ನೋಡಬೇಕೆ? ಈ ಚರ್ಚೆಯಲ್ಲಿ ತಪ್ಪದೆ ಬರುವುದು ಅಮೆರಿಕದ ಆಘಾತ ಶಸ್ತ್ರವೈದ್ಯರ ಸಂಘವು 1989ರಲ್ಲಿ ಪ್ರಕಟಿಸಿದ ಐದು ದರ್ಜೆಗಳ ಮಾಪಕ. ಸೀಳು 1 ಸೆಂ.ಮೀ.ಗಿಂತ ಆಳವಿಲ್ಲದಿದ್ದರೆ ಎರಡನೆಯ ದರ್ಜೆ, ಅದಕ್ಕಿಂತ ಆಳವಾದರೆ ಮೂರನೆಯದು, ಮೂತ್ರ ಸಂಗ್ರಹವಾಗುವ ಭಾಗವನ್ನು ಮುಟ್ಟಿದರೆ ನಾಲ್ಕನೆಯದು, ಅಂಗವೇ ಛಿದ್ರವಾದರೆ ಐದನೆಯದು. ಭೌತವಿಜ್ಞಾನದ ಅಧ್ಯಾಪಕನಾಗಿ ನನ್ನ ತಕರಾರು ಇಷ್ಟೆ: ಇದು ಉದ್ದವನ್ನು ಅಳೆಯುತ್ತದೆ, ಜೀವಕ್ಕೆ ಅಪಾಯವಿರುವುದು ರಕ್ತ ಸೋರುವ ದರದಲ್ಲಿ.

ಒಂದು ಲೆಕ್ಕ ಮಾಡಿ ನೋಡಿ. ಎರಡು ಮೂತ್ರಪಿಂಡಗಳ ಮೂಲಕ ನಿಮಿಷಕ್ಕೆ 1 ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಗಾಯದಿಂದ ನಿಮಿಷಕ್ಕೆ 50 ಮಿ.ಲೀ. ಸೋರುತ್ತಿದೆ ಎಂದುಕೊಳ್ಳಿ. ಸಾಂಬ್ರಾದಿಂದ ಬೆಳಗಾವಿ ನಗರಕ್ಕೆ ಸುಮಾರು 10 ಕಿ.ಮೀ., ಖಾನಾಪುರದಿಂದ ಸುಮಾರು 25 ಕಿ.ಮೀ. ವಾಹನದ ವೇಗ ಗಂಟೆಗೆ 40 ಕಿ.ಮೀ. ಆದರೆ ಸಾಂಬ್ರಾದ ಗಾಯಾಳು 15 ನಿಮಿಷಗಳಲ್ಲಿ 750 ಮಿ.ಲೀ. ಕಳೆದುಕೊಳ್ಳುತ್ತಾನೆ, ಖಾನಾಪುರದವನು ಹೆಚ್ಚುಕಡಿಮೆ 1,900 ಮಿ.ಲೀ. ದೇಹದಲ್ಲಿರುವ 5 ಲೀಟರಿನಲ್ಲಿ ಇವು ಶೇ. 15 ಮತ್ತು ಶೇ. 38. ಮೊದಲನೆಯವನ ರಕ್ತದೊತ್ತಡ ಇನ್ನೂ ಸರಿಯಾಗಿರಬಹುದು, ಎರಡನೆಯವನು ಆಘಾತಸ್ಥಿತಿಯಲ್ಲಿರುತ್ತಾನೆ. (ಒತ್ತಡ ಇಳಿದಂತೆ ಸೋರಿಕೆಯೂ ತಗ್ಗುತ್ತದೆ, ಇದು ಒರಟು ಲೆಕ್ಕ.) ಸೀಳು ಇಬ್ಬರಿಗೂ ಒಂದೇ, ಆದ್ದರಿಂದ ದರ್ಜೆಯೂ ಒಂದೇ!

ಕಾದು ನೋಡುವುದರ ಹಿಂದೆಯೂ ಭೌತವಿಜ್ಞಾನವಿದೆ. ಮೂತ್ರಪಿಂಡವನ್ನೂ ಅದರ ಸುತ್ತಲಿನ ಕೊಬ್ಬನ್ನೂ ಗೆರೋಟಾ ಎಂಬ ಪೊರೆ ಸುತ್ತುವರಿದಿದೆ. ಒಳಗೆ ರಕ್ತ ತುಂಬಿದಂತೆ ಒತ್ತಡ ಏರಿ, ಅಭಿಧಮನಿಯ ಒತ್ತಡಕ್ಕೆ ಸಮನಾದಾಗ ಆ ಸೋರಿಕೆ ತಾನೇ ನಿಲ್ಲುತ್ತದೆ. ಶಸ್ತ್ರವೈದ್ಯರು ಪೊರೆಯನ್ನು ತೆರೆದರೆ ಈ ಒತ್ತಡ ಹೋಗಿ ರಕ್ತ ಮತ್ತೆ ನುಗ್ಗುತ್ತದೆ. ಜೀವ ಉಳಿಸಲು ಮೂತ್ರಪಿಂಡವನ್ನೇ ತೆಗೆಯಬೇಕಾಗಿ ಬರಬಹುದು. ನಾಡಿ, ರಕ್ತದೊತ್ತಡಗಳು ಸ್ಥಿರವಾಗಿರುವ ಗಾಯಾಳುವಿನ ಹೊಟ್ಟೆಯನ್ನು ದರ್ಜೆ ನೋಡಿ ತೆರೆಯುವುದು ಅದಕ್ಕೇ ಸರಿಯಲ್ಲ.

2018ರ ಪರಿಷ್ಕರಣೆ ಈ ಕೊರತೆಯನ್ನು ಅರ್ಧ ತುಂಬಿತು. ಸಿ.ಟಿ. ಸ್ಕ್ಯಾನಿನಲ್ಲಿ ರಕ್ತ ಸೋರುತ್ತಿರುವುದು ಕಂಡರೆ, ಅದು ಪೊರೆಯೊಳಗೇ ಇದ್ದರೆ ಮೂರನೆಯ ದರ್ಜೆ, ಪೊರೆ ದಾಟಿದರೆ ನಾಲ್ಕನೆಯದು. ಆದರೂ ಅದು ಒಂದು ಕ್ಷಣದ ಚಿತ್ರವೇ. ಚೂರಿಯೋ ಗುಂಡೋ ಎಂದೂ ಅದು ಕೇಳುವುದಿಲ್ಲ. ಚೂರಿ ತನ್ನ ದಾರಿಯನ್ನಷ್ಟೆ ಕತ್ತರಿಸುತ್ತದೆ. ಸೆಕೆಂಡಿಗೆ 700 ಮೀಟರಿಗೂ ಹೆಚ್ಚು ವೇಗದ ರೈಫಲ್ ಗುಂಡು ಸುತ್ತಲಿನ ಅಂಗಾಂಶವನ್ನು ಪಕ್ಕಕ್ಕೆ ಎಸೆದು ಕ್ಷಣಕಾಲ ದೊಡ್ಡ ಟೊಳ್ಳನ್ನು ಉಂಟುಮಾಡುತ್ತದೆ. ಸ್ಪಂಜಿನಂಥ ಶ್ವಾಸಕೋಶ ಇದನ್ನು ಒಂದಿಷ್ಟು ತಾಳಿಕೊಳ್ಳುತ್ತದೆ, ದಟ್ಟವಾದ ಮೂತ್ರಪಿಂಡ ಬಿರಿಯುತ್ತದೆ. ಮೊದಲ ದಿನ ಚೆನ್ನಾಗಿ ಕಂಡ ಭಾಗ ಆಮೇಲೆ ಸಾಯಬಹುದು. ತರಗತಿಯಲ್ಲಿ ½mv² ಹೇಳುವ ಅಧ್ಯಾಪಕರು ಇದನ್ನೂ ಸೇರಿಸಲಿ: ಹಾನಿ ಮಾಡುವುದು ದೇಹದೊಳಗೆ ಉಳಿದ ಶಕ್ತಿ, ಗುಂಡಿನೊಂದಿಗೆ ಹೊರಬಿದ್ದದ್ದಲ್ಲ.

‘ಶಸ್ತ್ರಚಿಕಿತ್ಸೆಯಿಲ್ಲದ ಚಿಕಿತ್ಸೆ’ ಎಂದರೆ ಸುಮ್ಮನೆ ಮಲಗಿಸುವುದೆಂದು ತಿಳಿಯಬೇಡಿ. ಹಿಮೋಗ್ಲೋಬಿನನ್ನು ಮತ್ತೆ ಮತ್ತೆ ಅಳೆಯಬೇಕು, ರಕ್ತ ಸಿದ್ಧವಿರಬೇಕು, ಬೇಕಾದರೆ ತೊಡೆಯ ಧಮನಿಯಿಂದ ನಳಿಕೆ ತೂರಿಸಿ ಸೋರುವ ಕವಲನ್ನು ಮುಚ್ಚಬೇಕು. ಅದೂ ಸಾಲದಿದ್ದರೆ ಶಸ್ತ್ರಚಿಕಿತ್ಸಾ ಕೊಠಡಿ ಹತ್ತಿರವೇ ಇರಬೇಕು.

ಈ ಎರಡು ವಿಧಾನಗಳ ಅಂಕಿಅಂಶಗಳನ್ನು ಹೋಲಿಸುವ ವರದಿ ನಿಮ್ಮ ಕೈಗೆ ಬಂದರೆ, ಶಸ್ತ್ರಚಿಕಿತ್ಸೆಯಾದವರಲ್ಲಿ ಮೂತ್ರಪಿಂಡ ಕಳೆದುಕೊಂಡವರು ಹೆಚ್ಚು ಎಂಬ ಸಾಲನ್ನು ನಿಧಾನವಾಗಿ ಓದಿ. ಅವರಲ್ಲಿ ಅನೇಕರು ಆಸ್ಪತ್ರೆಗೆ ಬರುವಾಗಲೇ ಹೆಚ್ಚು ರಕ್ತ ಕಳೆದುಕೊಂಡವರು.